ಕೋಚ್ ಅಂದ್ರೆ ದೇವರಾ?

2012ರ ಆಗಸ್ಟ್ 2. ಲಂಡನ್ ಒಲಿಂಪಿಕ್ಸ್. ಎಕ್ಸೆಲ್ ಅರೆನಾದಲ್ಲಿ ಮಹಿಳೆಯರ ಜೂಡೋ, 78 ಕೆ.ಜಿ. ವಿಭಾಗದ ಫೈನಲ್. ಒಂದು ಕಡೆ ಬ್ರಿಟನ್ನಿನ ಜೆಮ್ಮಾ ಗಿಬ್ಬನ್ಸ್. ತವರಿನ ಹುಡುಗಿ, ಇಡೀ ಸಭಾಂಗಣ ಆಕೆಯ ಹೆಸರು ಕೂಗ್ತಾ ಇದೆ. ಪ್ರೇಕ್ಷಕರ ಸಾಲಿನಲ್ಲಿ ಅವತ್ತು ಬ್ರಿಟನ್ ಪ್ರಧಾನಿ ಡೇವಿಡ್ ಕ್ಯಾಮರೂನ್ ಇದ್ದರು, ಜೊತೆಗೆ ರಷ್ಯಾದ ಪುಟಿನ್ ಇದ್ದರು. ಪುಟಿನ್‌ಗೆ ಜೂಡೋ ಅಂದ್ರೆ ಪ್ರಾಣ, ಸ್ವತಃ ಬ್ಲ್ಯಾಕ್ ಬೆಲ್ಟ್. ಇನ್ನೊಂದು ಕಡೆ ಅಮೆರಿಕದ ಕೇಲಾ ಹ್ಯಾರಿಸನ್, ವಯಸ್ಸು 22.

ಕೇಲಾ ಗೆದ್ದಳು. ಜೂಡೋ 1964ರಲ್ಲಿ ಒಲಿಂಪಿಕ್ಸ್‌ಗೆ ಬಂದಿದ್ದು. ಅಲ್ಲಿಂದ ಅವತ್ತಿನವರೆಗೆ ಅಮೆರಿಕದಂಥ ಅಮೆರಿಕಕ್ಕೆ, ಗಂಡಸರಿರಲಿ ಹೆಂಗಸರಿರಲಿ, ಜೂಡೋದಲ್ಲಿ ಒಂದೇ ಒಂದು ಚಿನ್ನ ಬಂದಿರಲಿಲ್ಲ. ಆ ಮೊದಲ ಚಿನ್ನ ಈ ಹುಡುಗಿಯದು. ಪೋಡಿಯಂ ಮೇಲೆ ನಿಂತು ರಾಷ್ಟ್ರಗೀತೆ ಕೇಳ್ತಾ ಆಕೆ ಅತ್ತಳು. ಗೆದ್ದವರು ಅಳೋದು ನಮಗೇನು ಹೊಸದಲ್ಲ. ಆದರೆ ಆ ಅಳುವಿನ ಹಿಂದೆ ಏನಿತ್ತು ಅನ್ನೋದನ್ನ ನೀವು ತಿಳ್ಕೊಳ್ಳಬೇಕು. ಯಾಕಂದ್ರೆ ನಿಮ್ಮಲ್ಲಿ ಎಷ್ಟೋ ಜನ ಬೆಳಗ್ಗೆ ಐದಕ್ಕೆ ಎದ್ದು ಮಗಳನ್ನೋ ಮಗನನ್ನೋ ಸ್ಕೂಟರ್ ಹಿಂದೆ ಕೂರಿಸ್ಕೊಂಡು ಈಜುಕೊಳಕ್ಕೆ, ಬ್ಯಾಡ್ಮಿಂಟನ್ ಕೋರ್ಟಿಗೆ, ಅಥ್ಲೆಟಿಕ್ಸ್ ಟ್ರ್ಯಾಕಿಗೆ ಬಿಟ್ಟು ಬರ್ತೀರಿ. "ಸರ್, ಇವಳನ್ನ ನಿಮ್ಮ ಕೈಗೆ ಒಪ್ಪಿಸಿದ್ದೀನಿ, ಇನ್ನು ನಿಮ್ಮದೇ ಜವಾಬ್ದಾರಿ" ಅಂತ ಹೇಳಿ ಬರ್ತೀರಿ. ಕೇಲಾಳ ಅಮ್ಮ ಕೂಡ ಮಗಳನ್ನ ಹೀಗೇ ಒಬ್ಬರ ಕೈಗೆ ಒಪ್ಪಿಸಿದ್ದು.

ಓಹಾಯೋ ರಾಜ್ಯದ ಮಿಡಲ್‌ಟೌನ್ ಅನ್ನೋ ಸಾಧಾರಣ ಊರು ಕೇಲಾಳದು. ಅಮ್ಮನಿಗೇ ಜೂಡೋ ಗೊತ್ತಿತ್ತು, ಬ್ಲ್ಯಾಕ್ ಬೆಲ್ಟ್ ಇತ್ತು. ಮಗಳಿಗೆ ಆರು ವರ್ಷವಾದಾಗ ಜೂಡೋ ಕಲಿಸೋಕೆ ಶುರು ಮಾಡಿದ್ದು ಆ ಅಮ್ಮನೇ. ಹುಡುಗಿಯಲ್ಲಿ ಕಸುವಿದೆ, ಒಳ್ಳೆ ಕೋಚ್ ಬೇಕು ಅಂತ ಡೇನಿಯಲ್ ಡೋಯ್ಲ್ ಎಂಬಾತನ ಕ್ಲಬ್ಬಿಗೆ ಹಾಕಿದರು. ಡೋಯ್ಲ್ ಆಕೆಗಿಂತ 16 ವರ್ಷ ದೊಡ್ಡವನು. ಕೆಲಸ ಗೊತ್ತಿದ್ದವನು. ಅದನ್ನ ಅಲ್ಲಗಳೆಯೋಕಾಗಲ್ಲ, ಅವನ ಕೈಕೆಳಗೆ ಕೇಲಾ 15 ವರ್ಷ ಆಗೋದ್ರೊಳಗೆ ಎರಡು ಸಲ ರಾಷ್ಟ್ರೀಯ ಚಾಂಪಿಯನ್ ಆದಳು. ಮನೆಯವರ ಜೊತೆ ಮನೆಯವನಂತೆ ಬೆರೆತಿದ್ದ. ಹುಡುಗಿಗೆ ಅವನು ಅಂದ್ರೆ ಸೂರ್ಯ ಚಂದ್ರ ಎರಡೂ.

ಆಕೆಗೆ 13 ತುಂಬಿದಾಗ ದೌರ್ಜನ್ಯ ಶುರುವಾಯ್ತು. 16ರವರೆಗೆ ನಡೀತು. ಪಂದ್ಯಗಳಿಗೆ ಅಂತ ವೆನೆಜುವೆಲಾ, ಎಸ್ಟೋನಿಯಾ, ರಷ್ಯಾ ಅಂತೆಲ್ಲ ಹೋದ ಪ್ರವಾಸಗಳಲ್ಲೂ ನಡೀತು. ವಿವರ ನಾನು ಹೇಳಲ್ಲ. ಹೇಳಬೇಕಾದ ಅಗತ್ಯವೂ ಇಲ್ಲ. ಇಂಥ ಸುದ್ದಿ ಬಂದ ಕೂಡಲೇ "ಅಲ್ಲಿ ಆಗಿದ್ದೇನು?" ಅಂತ ಗ್ರಾಫಿಕ್ಸ್ ಮಾಡಿ ತೋರಿಸೋರಿಗೆ ಒಂದು ಮಾತು: ಏನಾಯ್ತು ಅನ್ನೋದಕ್ಕಿಂತ ಹೇಗೆ ಆಯ್ತು, ಮೂರು ವರ್ಷ ಯಾರಿಗೂ ಯಾಕೆ ಗೊತ್ತಾಗ್ಲಿಲ್ಲ ಅನ್ನೋದು ಮುಖ್ಯ. ನೋಡೋ ಅಪ್ಪ ಅಮ್ಮಂದಿರಿಗೆ ಉಪಯೋಗಕ್ಕೆ ಬರೋದು ಅದು.

ಇಂಗ್ಲಿಷ್‌ನಲ್ಲಿ ಇದಕ್ಕೆ ಗ್ರೂಮಿಂಗ್ ಅಂತಾರೆ. ಕನ್ನಡದಲ್ಲಿ ಪುಸಲಾಯಿಸೋದು ಅನ್ನಬಹುದು, ಆದ್ರೆ ನನಗೆ ಇನ್ನೂ ಸರಿಯಾದ ಪದ ಅನ್ನಿಸೋದು ಪಳಗಿಸೋದು. ದುಬಾರೆಯಲ್ಲೋ ಸಕ್ರೆಬೈಲಿನಲ್ಲೋ ಕಾಡಾನೆ ಪಳಗಿಸೋದನ್ನ ಕೇಳಿದ್ದೀರಲ್ಲ? ಮೊದಲು ಹಿಂಡಿನಿಂದ ಬೇರೆ ಮಾಡಬೇಕು. ಆಮೇಲೆ ಹಸಿವಾದಾಗ ಕಬ್ಬು, ಬೆಲ್ಲ ಒಬ್ಬನ ಕೈಯಿಂದಲೇ ಸಿಗಬೇಕು. ಆ ಕೈ ಹೊಡೆಯುತ್ತೆ, ಅದೇ ಕೈ ತಿನ್ನಿಸುತ್ತೆ. ಸ್ವಲ್ಪ ದಿನಕ್ಕೆ ಆನೆಗೆ ಆ ಒಂದು ಕೈ ಬಿಟ್ಟರೆ ಬೇರೆ ಲೋಕವೇ ಇಲ್ಲ. ಮಾವುತ ಆನೆಯನ್ನ ಸಾಕೋಕೆ ಪಳಗಿಸ್ತಾನೆ, ಇವರು ಮಗುವನ್ನ ಹಾಳು ಮಾಡೋಕೆ ಪಳಗಿಸ್ತಾರೆ.

ಮೊದಲ ದಿನವೇ ಯಾವ ಕೋಚ್ ಕೂಡ ಮೈಮೇಲೆ ಕೈ ಹಾಕಲ್ಲ. ಮೊದಲು ಹೊಗಳಿಕೆ. "ಇಷ್ಟು ಹುಡುಗೀರಲ್ಲಿ ನೀನೊಬ್ಬಳೇ ಬೇರೆ." ಆಮೇಲೆ ಹೆಚ್ಚುವರಿ ತರಬೇತಿ, ಉಳಿದವರೆಲ್ಲ ಮನೆಗೆ ಹೋದ ಮೇಲೆ. ಆಮೇಲೆ ಉಡುಗೊರೆ, ಹೊಸ ಶೂ. ರಾತ್ರಿ ಹತ್ತು ಗಂಟೆಗೆ ಮೆಸೇಜು. ನಡುವೆ ಮನೆಯವರ ಮೇಲೆ ಒಂದು ಸಣ್ಣ ಚುಚ್ಚು: "ನಿಮ್ಮಮ್ಮಂಗೆ ನಿನ್ನ ಆಟ ಅರ್ಥ ಆಗಲ್ಲ ಬಿಡು." ಆಮೇಲೆ ಒಂದು ಗುಟ್ಟು. ತೀರಾ ಸಣ್ಣ ಗುಟ್ಟು. ಡಯಟ್‌ನಲ್ಲಿದ್ದಾಗ ಐಸ್‌ಕ್ರೀಂ ಕೊಡಿಸಿ, "ಯಾರಿಗೂ ಹೇಳಬೇಡ" ಅನ್ನೋವಷ್ಟು ಸಣ್ಣದು. ಮಗು ಗುಟ್ಟು ಕಾಪಾಡುತ್ತೋ ಇಲ್ವೋ ಅಂತ ನೋಡೋ ಪರೀಕ್ಷೆ ಅದು. ಪಾಸಾದರೆ ಮುಂದಿನ ಹೆಜ್ಜೆ. ಕುಸ್ತಿ, ಜೂಡೋ, ಜಿಮ್ನಾಸ್ಟಿಕ್ಸ್, ಈಜು, ಇಲ್ಲೆಲ್ಲ ಮುಟ್ಟಿ ಕಲಿಸೋದು ಸಹಜ. ಹಾಗಾಗಿ ಯಾವ ಸ್ಪರ್ಶ ಪಾಠ, ಯಾವ ಸ್ಪರ್ಶ ಪಾಪ ಅಂತ ಗೆರೆ ಎಳೆಯೋದು 13ರ ಮಗುವಿಗೆ ಕಷ್ಟ. ಗೆರೆ ದಾಟಿದ ಮೇಲೂ ಅದಕ್ಕೆ ಅನ್ನಿಸೋದು ಒಂದೇ: ಸರ್ ಮಾಡಿದ್ದಾರೆ ಅಂದ್ರೆ ಸರಿಯೇ ಇರಬೇಕು, ತಪ್ಪು ನನ್ನದೇ ಇರಬೇಕು.

"ಮೂರು ವರ್ಷ ಯಾಕೆ ಸುಮ್ಮನಿದ್ದಳು?" ಅಂತ ಕೇಳ್ತಾರೆ. ಇಂಥ ಕೇಸು ಬಂದಾಗಲೆಲ್ಲ ಕೇಳ್ತಾರೆ, ಕೋರ್ಟಿನಲ್ಲೂ ಕೇಳ್ತಾರೆ, ಅರಳಿಕಟ್ಟೆಯಲ್ಲೂ ಕೇಳ್ತಾರೆ. ಕೇಲಾ ಇದಕ್ಕೆ ಮುಚ್ಚುಮರೆ ಇಲ್ಲದೆ ಉತ್ತರ ಕೊಟ್ಟಿದ್ದಾಳೆ: ಆಗ ಅದನ್ನ ಪ್ರೀತಿ ಅಂತಲೇ ನಾನು ನಂಬಿದ್ದೆ. ಅಯ್ಯೋ ಅನ್ನಿಸುತ್ತೆ ಅಲ್ವಾ? ಆದರೆ ನಂಬಿಸಲಾಗಿತ್ತು. ಅದೇ ಪಳಗಿಸುವಿಕೆಯ ಯಶಸ್ಸು. ಇನ್ನೊಂದು ಕಡೆ ಲೆಕ್ಕ ಹಾಕಿ, ಬಾಯಿಬಿಟ್ಟರೆ ಆ ಮಗು ಕಳ್ಕೊಳ್ಳೋದು ಏನೇನು? ಕೋಚ್ ಹೋಗ್ತಾನೆ. ಆಟ ಹೋಗುತ್ತೆ. ಗೆಳತಿಯರೆಲ್ಲ ಅದೇ ಕ್ಲಬ್ಬಿನವರು, ಅವರೂ ಹೋಗ್ತಾರೆ. ಅಪ್ಪ ಅಮ್ಮ ಸಾಲ ಸೋಲ ಮಾಡಿ ಸುರಿದ ದುಡ್ಡು ಹೋಗುತ್ತೆ. ಒಲಿಂಪಿಕ್ಸ್ ಕನಸು ಹೋಗುತ್ತೆ. ತಂಡಕ್ಕೆ ಯಾರನ್ನ ಹಾಕಬೇಕು, ಯಾರನ್ನ ಬಿಡಬೇಕು ಅನ್ನೋದು ಕೋಚ್ ಕೈಯಲ್ಲಿ. ನಮ್ಮ ಆಫೀಸಿನಲ್ಲಿ ಬಾಸ್ ಬೈದ್ರೆ ರಾಜೀನಾಮೆ ಬಿಸಾಕಿ ಬರೋಕೆ ದೊಡ್ಡೋರಾದ ನಮಗೇ ಧೈರ್ಯ ಇರಲ್ಲ. 13ರ ಹುಡುಗಿ ಎಲ್ಲಿಂದ ತರ್ತಾಳೆ?

ದಕ್ಷಿಣ ಕೊರಿಯಾದ ಒಂದು ಉದಾಹರಣೆ ಕೊಡ್ತೀನಿ, ಯಾಕಂದ್ರೆ ಗುರುವಿನ ಮಾತಿಗೆ ಎದುರಾಡಬಾರದು ಅನ್ನೋ ಸಂಸ್ಕೃತಿ ಅವರಿಗೂ ನಮ್ಮಷ್ಟೇ ಗಟ್ಟಿ. ಶಿಮ್ ಸುಕ್-ಹೀ, ಶಾರ್ಟ್ ಟ್ರ್ಯಾಕ್ ಸ್ಕೇಟಿಂಗ್‌ನಲ್ಲಿ ಒಲಿಂಪಿಕ್ ಚಾಂಪಿಯನ್. 2018ರ ಜನವರಿಯಲ್ಲಿ, ತವರಿನ ಪ್ಯಾಂಗ್‌ಚಾಂಗ್ ಒಲಿಂಪಿಕ್ಸ್‌ಗೆ ಇನ್ನೇನು ಕೆಲವೇ ವಾರ ಇರುವಾಗ, ಕೋಚ್ ಹೊಡೆದ ಅಂತ ಆಕೆ ಕ್ಯಾಂಪ್ ಬಿಟ್ಟು ಹೋದಳು. ಮರುದಿನವೇ ದೇಶದ ಅಧ್ಯಕ್ಷರು ಕ್ಯಾಂಪಿಗೆ ಬಂದಾಗ ಅಧಿಕಾರಿಗಳು ಹೇಳಿದ್ದೇನು ಗೊತ್ತಾ? ಶಿಮ್‌ಗೆ ನೆಗಡಿ ಅಂತ! ಹೊಡೆತ ನೆಗಡಿಯಾಯ್ತು. ಮುಂದಿನ ವರ್ಷ ಆಕೆ ಅದೇ ಕೋಚ್ ತನ್ನ ಹೈಸ್ಕೂಲು ದಿನಗಳಿಂದ ಲೈಂಗಿಕ ದೌರ್ಜನ್ಯ ನಡೆಸಿದ್ದನ್ನೂ ಹೇಳಿದಳು. ಆ ದಿನಗಳಲ್ಲಿ ತನ್ನ ಮನಸ್ಸಿನ ಸ್ಥಿತಿ ಹೇಗಿತ್ತು ಅಂತ ಆಕೆ ಬರೆದಿಟ್ಟುಕೊಂಡಿದ್ದ ಟಿಪ್ಪಣಿಗಳು ತನಿಖೆಗೆ ಸಾಕ್ಷಿಯಾದವು. ಕೊನೆಗೆ 2021ರಲ್ಲಿ ಅವನಿಗೆ 13 ವರ್ಷ ಜೈಲು ಖಾಯಂ ಆಯ್ತು.

ಮತ್ತೆ ಕೇಲಾ ಹತ್ರ ಬರೋಣ. 2007ರಲ್ಲಿ, 16ನೇ ವಯಸ್ಸಿನಲ್ಲಿ, ತಡೆಯಲಾರದೆ ಆಕೆ ಒಬ್ಬ ಗೆಳೆಯನ ಹತ್ರ ಬಾಯಿಬಿಟ್ಟಳು. ಆ ಹುಡುಗ ಗುಟ್ಟು ಕಾಪಾಡಲಿಲ್ಲ. ಪುಣ್ಯಾತ್ಮ, ಕಾಪಾಡದೆ ದೊಡ್ಡ ಉಪಕಾರ ಮಾಡಿದ. ನೇರ ಆಕೆಯ ತಾಯಿಗೆ ಹೇಳಿದ. ತಾಯಿ ಮಾಡಿದ ಮೊದಲ ಕೆಲಸ ಬೇಸ್‌ಬಾಲ್ ಬ್ಯಾಟ್ ಹಿಡ್ಕೊಂಡು ಹೋಗಿ ಡೋಯ್ಲ್‌ನ ಕಾರಿನ ಗಾಜುಗಳನ್ನ ಪುಡಿಪುಡಿ ಮಾಡಿದ್ದು. ಅದು ಸರಿಯಾ ತಪ್ಪಾ ಅಂತ ವಕೀಲರು ವಾದ ಮಾಡ್ಲಿ. ಆ ಹುಡುಗಿಗೆ ಆ ಗಾಜಿನ ಸದ್ದು ಹೇಳಿದ್ದು ಇಷ್ಟು: ನಮ್ಮಮ್ಮ ನನ್ನ ನಂಬಿದಳು. "ನೀನೇ ಏನಾದ್ರೂ ಮಾಡಿರಬೇಕು" ಅನ್ನಲಿಲ್ಲ. "ಯಾರಿಗೂ ಹೇಳಬೇಡ, ನಾಳೆ ನಿನ್ನ ಮದುವೆ ಆಗಬೇಕು" ಅನ್ನಲಿಲ್ಲ. ಎರಡನೇ ಕೆಲಸ, ಪೊಲೀಸರ ಹತ್ರ ಹೋಗಿದ್ದು.

ಇಲ್ಲೊಂದು ಕಾನೂನಿನ ವಿಷಯ ಇದೆ. ಪರದೇಶದಲ್ಲಿ ನಡೆದಿದ್ದಕ್ಕೆ ಇಲ್ಲಿ ಕೇಸ್ ಹಾಕೋಕಾಗಲ್ಲ ಅಂತ ಎಷ್ಟೋ ಜನ ತಿಳ್ಕೊಂಡಿರ್ತಾರೆ. ಅಮೆರಿಕದ ಫೆಡರಲ್ ಕಾನೂನಿನಲ್ಲಿ, ತಮ್ಮ ಪ್ರಜೆ ವಿದೇಶದಲ್ಲಿ ಅಪ್ರಾಪ್ತರ ಮೇಲೆ ಇಂಥದ್ದು ನಡೆಸಿದರೂ ಅದು ಅಮೆರಿಕದಲ್ಲೇ ಅಪರಾಧ. ಡೋಯ್ಲ್ ಸಿಕ್ಕಿಬಿದ್ದಿದ್ದು ಈ ಸೆಕ್ಷನ್ನಿನಲ್ಲಿ. ಯಾವ ಪ್ರವಾಸಗಳನ್ನ ಅವನು ತನಗೆ ಸುರಕ್ಷಿತ ಅಂದ್ಕೊಂಡಿದ್ನೋ ಅವೇ ಅವನನ್ನ ಜೈಲಿಗೆ ಕಳಿಸಿದವು. 2007ರ ನವೆಂಬರ್‌ನಲ್ಲಿ 10 ವರ್ಷ ಶಿಕ್ಷೆಯಾಯ್ತು. ತಪ್ಪೊಪ್ಪಿಕೊಂಡಿದ್ದ, ಹಾಗಾಗಿ ವರ್ಷಗಟ್ಟಲೆ ವಿಚಾರಣೆ ಎಳೆಯಲಿಲ್ಲ. ಅಮೆರಿಕದ ಜೂಡೋ ಸಂಸ್ಥೆ ಅವನನ್ನ ಜೀವನಪರ್ಯಂತ ಹೊರಗಿಟ್ಟಿತು.

ಬಾಯಿಬಿಟ್ಟ ವರ್ಷವೇ ಶಿಕ್ಷೆ! ಇದನ್ನ ಓದಿದಾಗ ನನಗೆ ಪಂಚಕುಲದ ರುಚಿಕಾ ನೆನಪಾದಳು. ನಿಮಗೂ ನೆನಪಿರಬಹುದು. 1990ರ ಆಗಸ್ಟ್, ಹರಿಯಾಣ. 14 ವರ್ಷದ ಟೆನಿಸ್ ಹುಡುಗಿ. ದೂರು ಯಾರ ಮೇಲೆ? ರಾಜ್ಯದ ಟೆನಿಸ್ ಸಂಸ್ಥೆಯ ಅಧ್ಯಕ್ಷನ ಮೇಲೆ. ಆತನೇ ಐಜಿ ದರ್ಜೆಯ ಪೊಲೀಸ್ ಅಧಿಕಾರಿ. ಬೇಲಿಯೂ ಅವನೇ, ಹೊಲ ಮೇಯ್ದವನೂ ಅವನೇ. ದೂರು ಕೊಟ್ಟ ಹುಡುಗಿಯನ್ನ ಶಾಲೆಯಿಂದ ತೆಗೆದರು. ಆಕೆಯ ಸೋದರನ ಮೇಲೆ ಕಳ್ಳತನದ ಕೇಸುಗಳು ಬಿದ್ದವು. ದೂರು ಕೊಟ್ಟ ಮೂರು ವರ್ಷಕ್ಕೆ ರುಚಿಕಾ ಪ್ರಾಣ ಕಳ್ಕೊಂಡಳು. ನ್ಯಾಯಾಲಯ ಆತನನ್ನ ತಪ್ಪಿತಸ್ಥ ಅಂದಿದ್ದು 2009ರಲ್ಲಿ. 19 ವರ್ಷ ಆದ ಮೇಲೆ. ಶಿಕ್ಷೆ ಆರು ತಿಂಗಳು, ದಂಡ ಒಂದು ಸಾವಿರ ರೂಪಾಯಿ. ಜನ ರೊಚ್ಚಿಗೆದ್ದ ಮೇಲೆ ಮೇಲಿನ ನ್ಯಾಯಾಲಯ ಶಿಕ್ಷೆಯನ್ನ 18 ತಿಂಗಳಿಗೆ ಏರಿಸಿತು. ಕೇಲಾ ಮತ್ತು ರುಚಿಕಾ ಇಬ್ಬರಲ್ಲಿ ಯಾರು ಗಟ್ಟಿಗಿತ್ತಿ ಅಂತ ಹೋಲಿಸೋದು ಅನ್ಯಾಯ. 14ರ ಹುಡುಗಿ ಐಜಿ ಮೇಲೆ ದೂರು ಕೊಟ್ಟಳಲ್ಲ, ಅದಕ್ಕಿಂತ ಗಟ್ಟಿತನ ಬೇಕಾ? ಒಬ್ಬಳ ಹಿಂದೆ ವ್ಯವಸ್ಥೆ ನಿಂತಿತು, ಇನ್ನೊಬ್ಬಳ ಮೇಲೆ ವ್ಯವಸ್ಥೆ ಬಿತ್ತು. ವ್ಯತ್ಯಾಸ ಅಷ್ಟೇ.

ಅಪರಾಧಿ ಜೈಲಿಗೆ ಹೋದ, ಕಥೆ ಸುಖಾಂತ್ಯ ಅಂತ ಸಿನಿಮಾದವರು ಮುಗಿಸ್ತಾರೆ. ನಿಜವಾದ ಕಷ್ಟ ಶುರುವಾಗೋದೇ ಆಮೇಲೆ.

ಘಟನೆ ಹೊರಬಂದ ಸುಮಾರು ಒಂದು ತಿಂಗಳಿಗೆ ತಾಯಿ ಮಗಳನ್ನ ಬಾಸ್ಟನ್ ಹತ್ತಿರದ ವೇಕ್‌ಫೀಲ್ಡ್‌ಗೆ ಕಳಿಸಿದರು. ಅಲ್ಲಿ ಪೆಡ್ರೋ ಅಪ್ಪ ಮಗನ ಜೂಡೋ ಶಾಲೆ. ಮಗ ಜಿಮ್ಮಿ ಪೆಡ್ರೋ, 1999ರ ವಿಶ್ವ ಚಾಂಪಿಯನ್, ಒಲಿಂಪಿಕ್ಸ್‌ನಲ್ಲಿ ಎರಡು ಕಂಚು. ಅಪ್ಪನಿಗೆ ಎಲ್ಲರೂ ಕರೆಯೋದು ಬಿಗ್ ಜಿಮ್ ಅಂತ. ಗಡಸು ಬಾಯಿ, ಒಳಗೆ ಮೆತ್ತಗೆ, ನಮ್ಮ ಗರಡಿಮನೆಯ ಹಳೇ ಉಸ್ತಾದರ ಥರ. ಅಲ್ಲಿಗೆ ಬಂದ ಹುಡುಗಿಯ ಸ್ಥಿತಿ ಹೇಗಿತ್ತು? ಜೂಡೋ ಅಂದ್ರೆ ವಾಕರಿಕೆ. ಯಾರನ್ನೂ ನಂಬೋಕಾಗ್ತಿಲ್ಲ. ಬದುಕು ಸಾಕು ಅನ್ನೋ ಯೋಚನೆಗಳು ಬರ್ತಿದ್ವು ಅಂತ ಆಕೆಯೇ ಆಮೇಲೆ ಹೇಳ್ಕೊಂಡಿದ್ದಾಳೆ. ಇನ್ನೂ ವಿಚಿತ್ರ ಅಂದ್ರೆ, ತನ್ನನ್ನ ಹಾಳು ಮಾಡಿದವನ ಬಗ್ಗೆಯೇ ಒಳಗೊಳಗೆ ಒಂದು ಸಂಕಟ, ನನ್ನಿಂದ ಅವನ ಬದುಕು ಹಾಳಾಯ್ತಾ ಅನ್ನೋ ಅಳುಕು. ಇದು ಹುಚ್ಚಲ್ಲ. ವರ್ಷಗಟ್ಟಲೆ ಪಳಗಿಸಿದ ಮನಸ್ಸು ಸರಪಳಿ ಬಿಚ್ಚಿದ ದಿನವೇ ಕಾಡಿಗೆ ಓಡಲ್ಲ. ಮನೋವೈದ್ಯರಿಗೆ ಇದು ಗೊತ್ತಿರೋ ವಿಷಯ, ಮನೆಯವರಿಗೆ ಗೊತ್ತಿರಲ್ಲ. ಹಾಗಾಗಿ "ಇನ್ನೂ ಅವನ ಬಗ್ಗೆ ಯಾಕೆ ಯೋಚನೆ ಮಾಡ್ತೀಯಾ?" ಅಂತ ಬೈದುಬಿಡ್ತಾರೆ.

ಚೇತರಿಕೆ ಹೇಗೆ ಆಯ್ತು ಅಂತ ಕೇಳಿದ್ರೆ, ಯಾವ ಪವಾಡವೂ ನಡೆಯಲಿಲ್ಲ. ಊರು ಬದಲಾಯ್ತು, ಕಣ್ಣಿಗೆ ಬಿದ್ದಲ್ಲೆಲ್ಲ ಹಳೇದು ನೆನಪಾಗೋದು ತಪ್ಪಿತು. ಥೆರಪಿ ಶುರುವಾಯ್ತು. ಒಂದೆರಡು ಸಲ ಹೋಗಿ ಬಂದು "ವಾಸಿಯಾಯ್ತು" ಅನ್ನೋ ಥರದ್ದಲ್ಲ, ವರ್ಷಗಟ್ಟಲೆಯದು. ಬೆಳಗ್ಗೆ ಏಳಬೇಕು, ತಿನ್ನಬೇಕು, ಮ್ಯಾಟ್ ಮೇಲೆ ನಿಲ್ಲಬೇಕು ಅನ್ನೋ ದಿನಚರಿ ಇತ್ತು. ಜೊತೆಯಲ್ಲಿ ಅದೇ ಕನಸಿನ ಬೇರೆ ಹುಡುಗ ಹುಡುಗಿಯರಿದ್ದರು. ನಿನಗೆ ಆಗಿದ್ದು ನೀನಲ್ಲ, ಅದು ನಿನಗೆ ಆದದ್ದು ಅಷ್ಟೇ, ಇಲ್ಲಿಂದ ಮುಂದಕ್ಕೆ ನೀನು ಏನಾಗ್ತೀಯ ಅನ್ನೋದು ನಿನ್ನ ಕೈಲಿದೆ ಅನ್ನೋ ಅರ್ಥದ ಮಾತನ್ನ ಬಿಗ್ ಜಿಮ್ ಆಕೆಗೆ ಹೇಳಿದ್ದರು. ಆ ಮಾತನ್ನ ಆಕೆ ಹಲವು ಸಂದರ್ಶನಗಳಲ್ಲಿ ನೆನೆಸಿಕೊಂಡಿದ್ದಾಳೆ. ರಾತ್ರಿ ಮಲಗೋ ಮುಂಚೆ ಕಣ್ಣು ಮುಚ್ಚಿ, ಒಲಿಂಪಿಕ್ ಫೈನಲ್ ದಿನ ಬೆಳಗ್ಗೆ ಎದ್ದಾಗಿಂದ ಕೊರಳಿಗೆ ಪದಕ ಬೀಳೋವರೆಗೆ ಎಲ್ಲವನ್ನೂ ಕಲ್ಪಿಸ್ಕೊಳ್ಳೋ ಅಭ್ಯಾಸ ಮಾಡ್ಕೊಂಡಳು. ನಿದ್ದೆ ಬಾರದ ರಾತ್ರಿಗಳಿಗೆ ಬೇರೊಂದು ಸಿನಿಮಾ ಹಾಕ್ಕೊಂಡಂತೆ.

ಗಮನಿಸಿ, ಪೆಡ್ರೋ ಅಪ್ಪ ಮಗ ಕೂಡ ಕೋಚ್‌ಗಳೇ. ಒಬ್ಬ ಕೋಚ್ ಮುರಿದಿದ್ದನ್ನ ಇನ್ನಿಬ್ಬರು ಕೋಚ್‌ಗಳು ಕಟ್ಟಿದರು. ಇದನ್ನ ಒತ್ತಿ ಹೇಳೋಕೆ ಕಾರಣ ಇದೆ. ಈ ಕಾರ್ಯಕ್ರಮ ನೋಡಿದ ಮೇಲೆ ನಾಳೆ ನೀವು ಹೋಗಿ ಎಲ್ಲ ಕೋಚ್‌ಗಳನ್ನ ಅನುಮಾನದಿಂದ ನೋಡಬೇಡಿ. ಸಂಬಳ ನೆಟ್ಟಗೆ ಬಾರದೆ ಹೋದರೂ ಬಿಸಿಲಲ್ಲಿ ಸೀಟಿ ಊದ್ತಾ ನಿಂತ ದೈಹಿಕ ಶಿಕ್ಷಕರು ನಮ್ಮ ಜಿಲ್ಲೆ ಜಿಲ್ಲೆಯಲ್ಲಿದ್ದಾರೆ. ಒಳ್ಳೆ ಕೋಚ್‌ಗೆ ನಿಯಮದಿಂದ ತೊಂದರೆಯಿಲ್ಲ. ಬಾಗಿಲು ತೆಗೆದಿಡಿ ಅಂದ್ರೆ ತೆಗೆದಿಡ್ತಾನೆ. "ನನ್ನ ಮೇಲೇ ಅನುಮಾನವಾ?" ಅಂತ ರೇಗಾಡೋನ ಬಗ್ಗೆ ಯೋಚನೆ ಮಾಡಬೇಕು.

2008ರಲ್ಲಿ ಕೇಲಾ ಜೂನಿಯರ್ ವಿಶ್ವ ಚಾಂಪಿಯನ್. ಆದರೆ ಆಕೆಯ ತೂಕದ ವಿಭಾಗದಲ್ಲಿ ಅಮೆರಿಕಕ್ಕೆ ಬೀಜಿಂಗ್ ಒಲಿಂಪಿಕ್ಸ್ ಅರ್ಹತೆ ಸಿಕ್ಕಿರಲಿಲ್ಲ, ತಂಡದ ರೋಂಡಾ ರೌಸಿಗೆ ಅಭ್ಯಾಸದ ಜೊತೆಗಾತಿಯಾಗಿ ಹೋದಳು. 2010ರಲ್ಲಿ ಟೋಕಿಯೊದಲ್ಲಿ, ಜೂಡೋದ ತವರಿನಲ್ಲಿ, ವಿಶ್ವ ಚಾಂಪಿಯನ್ ಆದಳು. ಅಷ್ಟರವರೆಗೂ ಹೊರಜಗತ್ತಿಗೆ ಆಕೆಯ ಕಥೆ ಗೊತ್ತಿರಲಿಲ್ಲ. ಕೋರ್ಟ್ ಕಡತದಲ್ಲಿ ಹೆಸರು ಗುಪ್ತವಾಗಿತ್ತು, ಹಾಗೇ ಇಟ್ಕೊಂಡು ಬದುಕಬಹುದಿತ್ತು. 2011ರ ನವೆಂಬರ್‌ನಲ್ಲಿ ಪೆನ್ ಸ್ಟೇಟ್ ಯೂನಿವರ್ಸಿಟಿಯ ಫುಟ್‌ಬಾಲ್ ಕೋಚ್ ಜೆರ್ರಿ ಸ್ಯಾಂಡಸ್ಕಿ ಹುಡುಗರ ಮೇಲೆ ನಡೆಸಿದ ದೌರ್ಜನ್ಯ ಹೊರಬಂದು ಅಮೆರಿಕ ಅಲ್ಲಾಡ್ತಾ ಇತ್ತು. ಹುಡುಗರ ಮೇಲೆ, ಕೇಳಿಸ್ತಾ? "ನಮಗೆ ಗಂಡುಮಗ ಬಿಡಿ" ಅನ್ನೋರು ಗಮನಿಸಿ. ಆ ಹೊತ್ತಿನಲ್ಲಿ ಕೇಲಾ ಮುಂದೆ ಬಂದು ಹೆಸರು, ಮುಖ ಎಲ್ಲ ತೋರಿಸಿ ಪತ್ರಿಕೆಗೆ ತನ್ನ ಕಥೆ ಹೇಳಿದಳು. ಒಲಿಂಪಿಕ್ಸ್‌ಗೆ ಒಂದು ವರ್ಷವೂ ಇರಲಿಲ್ಲ. ಪದಕ ಗೆದ್ದ ಮೇಲೆ ಹೇಳಿದ್ರೆ ಸುಲಭವಿತ್ತು, ಆಕೆ ಕಾಯಲಿಲ್ಲ. ಯಾವಾಗ ಹೇಳಬೇಕು, ಯಾರಿಗೆ ಹೇಳಬೇಕು, ಹೇಳಲೇಬೇಕಾ ಬೇಡವಾ ಅನ್ನೋ ತೀರ್ಮಾನ ಬದುಕುಳಿದವರದು. ಅದನ್ನ ಮೈಕ್ ಹಿಡಿದವರು ಕಿತ್ಕೊಳ್ಳೋ ಹಾಗಿಲ್ಲ.

ಅಮೆರಿಕದವರು ಇಷ್ಟಕ್ಕೇ ಎಚ್ಚೆತ್ತುಕೊಂಡ್ರಾ? ಇಲ್ಲ. ಜಿಮ್ನಾಸ್ಟಿಕ್ಸ್ ತಂಡದ ವೈದ್ಯ ಲ್ಯಾರಿ ನಾಸರ್ ಪ್ರಕರಣ ಆಗಬೇಕಾಯ್ತು. 2018ರ ಜನವರಿಯಲ್ಲಿ ಮಿಷಿಗನ್ನಿನ ಕೋರ್ಟಿನಲ್ಲಿ 150ಕ್ಕೂ ಹೆಚ್ಚು ಮಂದಿಯ ಹೇಳಿಕೆ ಕೇಳಿದ ನ್ಯಾಯಾಧೀಶೆ 40ರಿಂದ 175 ವರ್ಷ ಶಿಕ್ಷೆ ಕೊಟ್ಟರು. ದೂರು ಮೊದಲೇ ಬಂದಿತ್ತು, ಎಫ್‌ಬಿಐನವರು ಕೈಕಟ್ಟಿ ಕೂತಿದ್ದರು. ಅದಕ್ಕಾಗಿ 2024ರಲ್ಲಿ ಅಲ್ಲಿನ ಸರ್ಕಾರ ಸುಮಾರು 13.87 ಕೋಟಿ ಡಾಲರ್ ಪರಿಹಾರ ಕೊಡೋಕೆ ಒಪ್ಪಿತು. 2017ರಲ್ಲಿ ಡೆನ್ವರ್‌ನಲ್ಲಿ ಸೇಫ್‌ಸ್ಪೋರ್ಟ್ ಅನ್ನೋ ಪ್ರತ್ಯೇಕ ಸಂಸ್ಥೆ ಶುರುವಾಗಿತ್ತು, 2018ರ ಫೆಬ್ರವರಿಯಲ್ಲಿ ಕಾನೂನೇ ಬಂತು. ಆ ಸಂಸ್ಥೆ ತನಿಖೆಯಲ್ಲಿ ನಿಧಾನ ಅನ್ನೋ ಟೀಕೆ ಇದೆ. ಆದರೆ ಅವರ ನಿಯಮಗಳನ್ನ ಕೇಳಿ. ಅಪ್ರಾಪ್ತ ಆಟಗಾರರ ಜೊತೆ ಕೋಚ್ ಒಬ್ಬನೇ ಇರೋದಾದ್ರೆ ಅದು ಬೇರೆಯವರ ಕಣ್ಣಿಗೆ ಕಾಣೋ ಜಾಗ ಆಗಿರಬೇಕು, ಯಾರು ಬೇಕಾದ್ರೂ ಮಧ್ಯೆ ಬರೋ ಹಾಗಿರಬೇಕು. ಮಗುವಿಗೆ ಮೆಸೇಜ್ ಕಳಿಸಿದ್ರೆ ಅದರಲ್ಲಿ ಅಪ್ಪನೋ ಅಮ್ಮನೋ ಇರಬೇಕು. ಪ್ರವಾಸದಲ್ಲಿ ಹೋಟೆಲ್ ರೂಮು ಹಂಚಿಕೊಳ್ಳೋ ಹಾಗಿಲ್ಲ. ಗೊತ್ತಾದದ್ದನ್ನ 24 ಗಂಟೆಯೊಳಗೆ ವರದಿ ಮಾಡಬೇಕು. ಇದರಲ್ಲಿ ಯಾವುದಕ್ಕೆ ದುಡ್ಡು ಬೇಕು ಹೇಳಿ? ಒಂದು ರೂಪಾಯಿ ಖರ್ಚಿಲ್ಲ. ನಿಮ್ಮ ಬಡಾವಣೆಯ ಅಕಾಡೆಮಿಯಲ್ಲೂ ನಾಳೆಯಿಂದಲೇ ಮಾಡಬಹುದು. ಕೇಲಾಳ ಕಾಲಕ್ಕೆ ಈ ನಿಯಮ ಇದ್ದಿದ್ರೆ ಡೋಯ್ಲ್‌ಗೆ ಎಷ್ಟು ಬಾಗಿಲು ಮುಚ್ಚಿರ್ತಿತ್ತು ಯೋಚನೆ ಮಾಡಿ.

ನಮ್ಮಲ್ಲಿ? ಕಾನೂನು ಇದೆ, ಗಟ್ಟಿಯಾಗೇ ಇದೆ. ರುಚಿಕಾಗೆ ಇಲ್ಲದಿದ್ದ ಪೋಕ್ಸೋ ಕಾಯ್ದೆ 2012ರಲ್ಲಿ ಬಂತು. 18 ವರ್ಷದೊಳಗಿನ ಎಲ್ಲರಿಗೂ, ಹುಡುಗರಿಗೂ ಹುಡುಗಿಯರಿಗೂ ಅನ್ವಯ. ಮಗುವಿನ ನಂಬಿಕೆಗೆ ಪಾತ್ರನಾದವನು, ಅಧಿಕಾರ ಇರೋನು ತಪ್ಪು ಮಾಡಿದ್ರೆ ಶಿಕ್ಷೆ ಇನ್ನೂ ಹೆಚ್ಚು. ಕೋಚ್ ಅಂದ್ರೆ ನಂಬಿಕೆಯೂ ಹೌದು, ಅಧಿಕಾರವೂ ಹೌದು. ಗೊತ್ತಿದ್ದೂ ಪೊಲೀಸರಿಗೆ ಹೇಳದೆ ಮುಚ್ಚಿಟ್ಟರೆ ಅದೂ ಅಪರಾಧ, ಆರು ತಿಂಗಳವರೆಗೆ ಜೈಲು. ಸಂಸ್ಥೆ ನಡೆಸೋನೇ ಮುಚ್ಚಿಟ್ಟರೆ ಒಂದು ವರ್ಷದವರೆಗೆ. "ನಮ್ಮ ಅಕಾಡೆಮಿ ಹೆಸರು ಕೆಡುತ್ತೆ, ಒಳಗೊಳಗೇ ಬಗೆಹರಿಸೋಣ" ಅನ್ನೋರಿಗೆ ಇದನ್ನ ಓದಿ ಹೇಳಿ. ಮಗು ಠಾಣೆ ಮೆಟ್ಟಿಲು ಹತ್ತಬೇಕಿಲ್ಲ, ಮನೆಯಲ್ಲೇ ಹೇಳಿಕೆ ಕೊಡಬಹುದು. ಹೇಳಿಕೆ ಪಡೆಯೋ ಪೊಲೀಸರು ಯೂನಿಫಾರಂನಲ್ಲಿ ಇರಬಾರದು. ಮಗುವಿನ ಹೆಸರು, ಮನೆ, ಶಾಲೆ ಯಾವುದನ್ನೂ ಮಾಧ್ಯಮದವರು ಹೊರಹಾಕೋ ಹಾಗಿಲ್ಲ. ಮಕ್ಕಳ ಸಹಾಯವಾಣಿ 1098, ಹಗಲು ರಾತ್ರಿ ಯಾವಾಗ ಬೇಕಾದ್ರೂ. ಮಗುವೇ ಫೋನ್ ಮಾಡಬಹುದು.

ಕ್ರೀಡಾ ಇಲಾಖೆಯವರೂ ಪೂರ್ತಿ ನಿದ್ದೆಯಲ್ಲಿಲ್ಲ. 2022ರಲ್ಲಿ ವಿದೇಶದ ಕ್ಯಾಂಪಿನಿಂದ ಒಬ್ಬ ಸೈಕ್ಲಿಂಗ್ ಆಟಗಾರ್ತಿಯ ದೂರು ಬಂದ ಮೇಲೆ, ಮಹಿಳಾ ಆಟಗಾರ್ತಿಯರ ತಂಡದ ಜೊತೆ ಮಹಿಳಾ ಕೋಚ್ ಇರಲೇಬೇಕು ಅಂತ ಭಾರತೀಯ ಕ್ರೀಡಾ ಪ್ರಾಧಿಕಾರ ಹೇಳಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯಲ್ಲಿ ಸುರಕ್ಷಿತ ಕ್ರೀಡಾ ನೀತಿಯ ಮಾತಿದೆ. ಆದರೆ ದೆಹಲಿಯ ನೀತಿ ನಿಮ್ಮ ಊರಿನ ಬಾಡಿಗೆ ಶೆಡ್ಡಿನಲ್ಲಿ ನಡೆಯೋ ಕರಾಟೆ ಕ್ಲಾಸಿಗೆ ತಲುಪೋದು ಯಾವಾಗ? ಅಲ್ಲಿಯವರೆಗೆ ಕಾವಲು ನೀವೇ. ಮಗು ಇದ್ದಕ್ಕಿದ್ದಂತೆ "ಇವತ್ತು ಪ್ರಾಕ್ಟೀಸ್ ಬೇಡ" ಅಂದ್ರೆ, ಸೋಮಾರಿ ಅಂತ ಬೈಯೋ ಮುಂಚೆ ಯಾಕೆ ಅಂತ ಕೇಳಿ. ಒಂದು ಸಲ ಅಲ್ಲ, ಬೇರೆ ಬೇರೆ ದಿನ, ಬೇರೆ ಬೇರೆ ಥರ ಕೇಳಿ. ಎಂದಾದ್ರೂ ಹೇಳಿದ್ರೆ ಮೊದಲ ಐದು ನಿಮಿಷ ನೀವು ಏನನ್ನೂ ಕೇಳಬೇಡಿ, ಸುಮ್ಮನೆ ಕೇಳಿಸ್ಕೊಳ್ಳಿ. "ನಿನ್ನನ್ನ ನಂಬ್ತೀನಿ, ತಪ್ಪು ನಿನ್ನದಲ್ಲ" ಅಂತ ಹೇಳಿ. ಮಗು ಬಾಯಿಬಿಟ್ಟಾಗ ಮೊದಲು ಸಿಗೋ ಉತ್ತರ ಏನು ಅನ್ನೋದರ ಮೇಲೆ ಮುಂದಿನದ್ದು ಬಹಳಷ್ಟು ನಿಂತಿರುತ್ತೆ.

ಕೇಲಾ ಆಮೇಲೆ ಏನಾದಳು ಅಂತ ಕೇಳ್ತೀರಿ, ಹೇಳ್ತೀನಿ. ಲಂಡನ್ ಆದ ಮೇಲೆ ಮಂಡಿಗೆ ಶಸ್ತ್ರಚಿಕಿತ್ಸೆ ಆಯ್ತು, ಇನ್ನು ಮುಗೀತು ಅಂದ್ರು. 2016ರಲ್ಲಿ ರಿಯೊ ಒಲಿಂಪಿಕ್ಸ್ ಫೈನಲ್‌ನಲ್ಲಿ ಫ್ರಾನ್ಸಿನ ಆಡ್ರಿ ಚುಮೆಯೊ ಎದುರು, ಸಮಯ ಮುಗಿಯೋಕೆ ಕೆಲವೇ ಸೆಕೆಂಡು ಇದ್ದಾಗ ತೋಳು ಲಾಕ್ ಮಾಡಿ ಸೋಲೊಪ್ಪಿಸಿದಳು. ಎರಡನೇ ಚಿನ್ನ. ಬದುಕುಳಿದವರಿಗಾಗಿ ಫಿಯರ್‌ಲೆಸ್ ಅನ್ನೋ ಹೆಸರಿನ ಫೌಂಡೇಶನ್ ಕಟ್ಟಿದಳು. 2018ರಲ್ಲಿ ಇಬ್ಬರು ಮನೋತಜ್ಞರ ಜೊತೆ ಸೇರಿ ಒಂದು ಪುಸ್ತಕ ಬರೆದಳು. ಬರೀ ತನ್ನ ಕಥೆ ಅಲ್ಲ, ಮಕ್ಕಳ ಮೇಲಿನ ದೌರ್ಜನ್ಯವನ್ನ ಗುರುತಿಸೋದು ಹೇಗೆ, ತಡೆಯೋದು ಹೇಗೆ, ಮಗುವನ್ನ ಮತ್ತೆ ಎಬ್ಬಿಸೋದು ಹೇಗೆ ಅಂತ ಪೋಷಕರಿಗೂ ಶಿಕ್ಷಕರಿಗೂ ವಿವರಿಸೋ ಪುಸ್ತಕ ಅದು. ಅದೇ ವರ್ಷ ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್‌ಗೆ ಇಳಿದಳು. 2019ರಲ್ಲಿ, ಮತ್ತೆ 2021ರಲ್ಲಿ, ಹತ್ತು ಹತ್ತು ಲಕ್ಷ ಡಾಲರ್ ಬಹುಮಾನದ ಟೂರ್ನಿ ಗೆದ್ದಳು. 2022ರ ಫೈನಲ್‌ನಲ್ಲಿ ಸೋತಳು, ಅದೂ ಆಯ್ತು.

2025ರ ಜೂನ್ 7, ನ್ಯೂಜೆರ್ಸಿಯ ನ್ಯೂವಾರ್ಕ್. ಯುಎಫ್‌ಸಿ ಬ್ಯಾಂಟಮ್‌ವೇಟ್ ಪ್ರಶಸ್ತಿಗಾಗಿ ಜೂಲಿಯಾನಾ ಪೆನ್ಯಾ ಎದುರು ಕಾದಾಟ. ಎರಡನೇ ಸುತ್ತಿನಲ್ಲಿ ಕೇಲಾ ಎದುರಾಳಿಯ ಕೈ ತಿರುಚಿ ಲಾಕ್ ಹಾಕಿದಳು, ಪೆನ್ಯಾ ಸೋಲೊಪ್ಪಿದಳು. ಆ ಪಟ್ಟಿಗೆ ಕಿಮುರಾ ಅಂತ ಹೆಸರು, ಮಸಾಹಿಕೊ ಕಿಮುರಾ ಅನ್ನೋ ಜಪಾನಿನ ಹಳೇ ಜೂಡೋ ಪೈಲ್ವಾನನ ಹೆಸರು. 16ನೇ ವಯಸ್ಸಿನಲ್ಲಿ ಯಾವ ಆಟದ ಮುಖ ನೋಡೋಕೂ ಆಕೆಗೆ ಆಗ್ತಿರಲಿಲ್ವೋ, 34ರಲ್ಲಿ ಬೆಲ್ಟ್ ತಂದುಕೊಟ್ಟಿದ್ದು ಅದೇ ಆಟದ ಪಟ್ಟು.